ಹೆರಿಗೆ ವಾರ್ಡು ಕೆಳಗಿನ ಮಹಡಿಗೆ ಬಂದದ್ದು: ಅಹಮದಾಬಾದ್, ಮೇ 2010

2010ರ ಮೇ 21ರಂದು ಅಹಮದಾಬಾದಿನಲ್ಲಿ ಉಷ್ಣಾಂಶ 46.8 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ಬಿಸಿಲು ಆ ಊರಿಗೆ ಹೊಸದೇನಲ್ಲ. ಮೇ ತಿಂಗಳಲ್ಲಿ 41, 42 ಡಿಗ್ರಿ ಅಲ್ಲಿ ಮಾಮೂಲು. ಬಿಸಿಲಿಗೆ ಒಗ್ಗಿಹೋದ ಊರಲ್ಲಿ ಬಿಸಿಲನ್ನೇ ಸಾವಿಗೆ ಕಾರಣ ಅಂತ ಬರೆದಿಡುವವರು ಕಡಿಮೆ. ಹಾಗಾಗಿ ಆ ವಾರ ಅಲ್ಲಿ ನಿಜವಾಗಿ ಏನಾಯಿತು ಅನ್ನೋದು ಪೂರ್ತಿ ಗೊತ್ತಾಗಿದ್ದು ಆಮೇಲೆ, ಯಾರೋ ಕೂತು ಲೆಕ್ಕ ಹಾಕಿದಾಗ.

ಹವಾಮಾನ ಬದಲಾವಣೆ ಮತ್ತು ಆರೋಗ್ಯ ಅಂದ ಕೂಡಲೇ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಕರಗುವ ಹಿಮ, ಏರುವ ಸಮುದ್ರ, ಮುಂದಿನ ಶತಮಾನ. ಈ ಪ್ರಕರಣದಲ್ಲಿ ಹಾಗಿಲ್ಲ. ಬಿಸಿಲು, ಕಟ್ಟಡದ ತಾರಸಿ, ಕೂಸಿನ ಮೈ, ಆಸ್ಪತ್ರೆಯ ರಿಜಿಸ್ಟರು, ಕೊನೆಗೆ ನಗರಪಾಲಿಕೆಯ ನಿರ್ಧಾರ. ಒಂದಕ್ಕೊಂದು ಹೇಗೆ ತಗುಲಿಕೊಂಡಿವೆ ಅನ್ನೋದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು ಅನ್ನಿಸಿತು.

ಆ ತಿಂಗಳ ಲೆಕ್ಕ

ಹೀಟ್ ಸ್ಟ್ರೋಕ್ ಆಗಿ ಸತ್ತವರನ್ನು ಮಾತ್ರ ಎಣಿಸಿದರೆ ಬಿಸಿಲಿನ ಸಾವು ಯಾವಾಗಲೂ ಕಡಿಮೆಯೇ ಸಿಗುತ್ತದೆ. ಯಾಕೆ ಅಂದರೆ, ಬಿಸಿಲು ಕೊಲ್ಲುವುದು ಬಹಳ ಸಲ ಬೇರೆ ಕಾಯಿಲೆಯ ಹೆಸರಿನಲ್ಲಿ.

ಮೈ ತಣ್ಣಗಾಗಲು ಎರಡು ದಾರಿ ಮುಖ್ಯ. ಚರ್ಮದ ಕಡೆಗೆ ಜಾಸ್ತಿ ರಕ್ತ ಹರಿಸುವುದು, ಬೆವರು ಸುರಿಸುವುದು. ಹೊರಗಿನ ಗಾಳಿ ಚರ್ಮಕ್ಕಿಂತ ಬಿಸಿಯಾದಾಗ ಮೊದಲನೆಯದು ಉಪಯೋಗಕ್ಕೆ ಬರುವುದಿಲ್ಲ. ಗಾಳಿಯೇ ಮೈಯನ್ನು ಕಾಯಿಸಲು ಶುರುಮಾಡುತ್ತದೆ. ಆಗ ಉಳಿಯುವುದು ಬೆವರೊಂದೇ. ಚರ್ಮಕ್ಕೆ ರಕ್ತ ಹರಿಸಲು ಹೃದಯ ಎರಡು ಪಾಳಿ ದುಡಿಯಬೇಕು. ಬೆವರಿ ಬೆವರಿ ನೀರು ಕಡಿಮೆಯಾದರೆ ರಕ್ತ ಗಟ್ಟಿಯಾಗುತ್ತದೆ, ಮೂತ್ರಪಿಂಡಕ್ಕೆ ಹೊಡೆತ ಬೀಳುತ್ತದೆ. ಮೊದಲೇ ಹೃದಯದ ತೊಂದರೆ ಇರುವವರು, ಮೂತ್ರ ಜಾಸ್ತಿ ಹೋಗುವ ಮಾತ್ರೆ ತಗೊಳ್ಳುವವರು, ಬೆವರು ತಗ್ಗಿಸುವ ಕೆಲವು ಮಾನಸಿಕ ಕಾಯಿಲೆಯ ಔಷಧಿಯಲ್ಲಿರುವವರು ಬೇಗ ಕುಸಿಯುತ್ತಾರೆ. ಮರಣ ಪತ್ರದಲ್ಲಿ 'ಹೃದಯಾಘಾತ' ಅಂತ ಬರೆಯುತ್ತಾರೆ. ಅದು ಸುಳ್ಳಲ್ಲ. ಆದರೆ ಆ ದಿನ ಉಷ್ಣಾಂಶ 46 ದಾಟಿತ್ತು ಅನ್ನೋದು ಆ ಕಾಗದದಲ್ಲಿ ಎಲ್ಲೂ ಇರುವುದಿಲ್ಲ.

ಹಾಗಾಗಿ ಸಂಶೋಧಕರು ಕಾರಣ ಕೇಳುವುದನ್ನು ಬಿಟ್ಟು, ಒಟ್ಟು ಸಾವುಗಳನ್ನೇ ಎಣಿಸಿದರು. ಯಾವ ಕಾರಣಕ್ಕೇ ಆಗಿರಲಿ, ಆ ತಿಂಗಳು ಊರಲ್ಲಿ ಎಷ್ಟು ಜನ ಸತ್ತರು? ಹಿಂದಿನ ವರ್ಷ ಮತ್ತು ಮುಂದಿನ ವರ್ಷದ ಮೇ ತಿಂಗಳಲ್ಲಿ ಎಷ್ಟು? 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ 4,462 ಸಾವುಗಳಾಗಿದ್ದವು. 2009 ಮತ್ತು 2011ರ ಮೇ ತಿಂಗಳುಗಳ ಲೆಕ್ಕ ನೋಡಿದರೆ ಸುಮಾರು 3,118 ಆಗಬೇಕಿತ್ತು. ಅಂದರೆ 1,344 ಸಾವು ಹೆಚ್ಚು. ಶೇ 43.1ರಷ್ಟು ಏರಿಕೆ. ಮಾಮೂಲು ಮೇ ತಿಂಗಳಲ್ಲಿ ದಿನಕ್ಕೆ ನೂರರ ಆಸುಪಾಸು ಸಾವಾಗುವ ಊರಲ್ಲಿ, ಆ ತಿಂಗಳ ಸರಾಸರಿಯೇ ದಿನಕ್ಕೆ 144 ಆಗಿತ್ತು.

ಸುಮಾರು 55 ಲಕ್ಷ ಜನರ ಊರು. ಒಂದೇ ತಿಂಗಳಲ್ಲಿ 1,344 ಜನ. ಒಂದು ರೈಲು ಅಪಘಾತದಲ್ಲಿ ಇದರ ಹತ್ತನೇ ಒಂದು ಭಾಗ ಜನ ಸತ್ತರೂ ದೇಶವೆಲ್ಲ ಮಾತಾಡುತ್ತದೆ, ತನಿಖೆ ನಡೆಯುತ್ತದೆ. ಇವರು ಬೇರೆ ಬೇರೆ ಮನೆಗಳಲ್ಲಿ, ಬೇರೆ ಬೇರೆ ಆಸ್ಪತ್ರೆಗಳಲ್ಲಿ, ಬೇರೆ ಬೇರೆ ಕಾಯಿಲೆಯ ಹೆಸರಿನಲ್ಲಿ ಹೋದರು. ಒಂದೇ ಘಟನೆ ಅಂತ ಯಾರಿಗೂ ಹೊಳೆಯುವ ಹಾಗೇ ಇರಲಿಲ್ಲ.

ಮೇಲಿನ ಮಹಡಿ

ಈ ದೊಡ್ಡ ಲೆಕ್ಕದ ಜೊತೆಗೇ ಇನ್ನೊಂದು ಚಿಕ್ಕ ಲೆಕ್ಕ ಇದೆ. ನನಗೆ ಈ ಪ್ರಕರಣದ ಜೀವಾಳ ಅನ್ನಿಸುವುದು ಅದೇ.

ಅಹಮದಾಬಾದಿನ ಒಂದು ಸಾರ್ವಜನಿಕ ಆಸ್ಪತ್ರೆ. ಹವಾನಿಯಂತ್ರಣ ಇಲ್ಲದ ಕಟ್ಟಡ. ಹೆರಿಗೆ ವಾರ್ಡು ಮೇಲಿನ ಮಹಡಿಯಲ್ಲಿತ್ತು. ಬಾಣಂತಿಯರು ಹಸುಗೂಸುಗಳ ಜೊತೆ ಅಲ್ಲೇ ಇರುತ್ತಿದ್ದರು. ಆ ಬೇಸಿಗೆಯಲ್ಲಿ ಕೂಸುಗಳನ್ನು ಒಂದಾದ ಮೇಲೊಂದರಂತೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ತರಬೇಕಾಯಿತು. ಮೈ ಸುಡುತ್ತಿತ್ತು, ಕಾರಣ ಧಗೆ.

ಅಲ್ಲಿನ ವೈದ್ಯರು ರಿಜಿಸ್ಟರು ತೆಗೆದು ಎಣಿಸಿದರು. 2010ರ ಏಪ್ರಿಲ್, ಮೇ, ಜೂನ್ ತಿಂಗಳುಗಳಲ್ಲಿ ಬಿಸಿಲಿನ ಕಾರಣಕ್ಕೆ ತೀವ್ರ ನಿಗಾ ಘಟಕ ಸೇರಿದ ಕೂಸುಗಳು 24. ಅದಕ್ಕೆ ಹಿಂದಿನ ವರ್ಷ, ಅದೇ ಮೂರು ತಿಂಗಳಲ್ಲಿ 8. ಮುಂದಿನ ವರ್ಷ 4.

ಹುಟ್ಟಿ ಒಂದೆರಡು ದಿನವಾದ ಕೂಸಿಗೆ ಬಿಸಿಲು ಯಾಕೆ ಇಷ್ಟು ಅಪಾಯ? ತೂಕಕ್ಕೆ ಹೋಲಿಸಿದರೆ ಕೂಸಿನ ಚರ್ಮದ ವಿಸ್ತಾರ ದೊಡ್ಡವರಿಗಿಂತ ಎರಡೂವರೆ ಮೂರು ಪಟ್ಟು ಜಾಸ್ತಿ. ಸುತ್ತ ಚಳಿ ಇದ್ದರೆ ಬೇಗ ತಣ್ಣಗಾಗುತ್ತದೆ, ಧಗೆ ಇದ್ದರೆ ಬೇಗ ಕಾಯುತ್ತದೆ. ಬೆವರುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಬಾಯಾರಿಕೆ ಅಂತ ಹೇಳಲು ಬರುವುದಿಲ್ಲ, ಪಕ್ಕಕ್ಕೆ ಸರಿಯಲೂ ಆಗುವುದಿಲ್ಲ. ಆರೋಗ್ಯವಾಗಿರುವ ಕೂಸಿನ ಮೈ ಬಿಸಿ 36.5ರಿಂದ 37.5 ಡಿಗ್ರಿಯ ಒಳಗಿರಬೇಕು. ಆ ಕಿರಿದಾದ ಅಂತರವನ್ನು ಕಾಯುವ ಹೊಣೆಯಲ್ಲಿ ಬಹುಪಾಲು ಸುತ್ತಲಿನವರದ್ದು. ಕೂಸಿಗೆ ಚಳಿಯಾಗಬಾರದು ಅಂತ ನಾವು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುತ್ತೇವೆ. ಬೇರೆ ದಿನಗಳಲ್ಲಿ ಅದು ಸರಿ. 44 ಡಿಗ್ರಿಯ ದಿನ ಅದೇ ಸುತ್ತಿದ ಬಟ್ಟೆ ಕೆಡುಕು ಮಾಡುತ್ತದೆ.

ಮೊದಲ ದಿನಗಳಲ್ಲಿ ತಾಯಿಗೆ ಹಾಲು ಇನ್ನೂ ಚೆನ್ನಾಗಿ ಇಳಿದಿರುವುದಿಲ್ಲ. ಆಗಲೇ ಧಗೆಯೂ ಸೇರಿದರೆ ಕೂಸಿನ ಮೈಯಲ್ಲಿ ನೀರು ಕಡಿಮೆಯಾಗಿ, ರಕ್ತದಲ್ಲಿ ಉಪ್ಪಿನ ಅಂಶ ಏರುತ್ತದೆ. ಕೂಸು ಮಂಕಾಗುತ್ತದೆ. ಮಂಕಾದ ಕೂಸು ಹಾಲು ಚೀಪುವುದಿಲ್ಲ. ಚೀಪದಿದ್ದರೆ ನೀರು ಇನ್ನೂ ಕಡಿಮೆ. ಈ ಸುತ್ತಿನಲ್ಲಿ ಸಿಕ್ಕಿಬಿದ್ದರೆ ಪರಿಸ್ಥಿತಿ ಗಂಟೆಗಳಲ್ಲಿ ಕೆಡುತ್ತದೆ. ವೈದ್ಯರಿಗೆ ಇನ್ನೊಂದು ಕಷ್ಟ ಇದೆ. ಸೋಂಕಿನಿಂದ ಬಂದ ಜ್ವರವೋ, ಧಗೆಯಿಂದ ಕಾದ ಮೈಯೋ ಅಂತ ನೋಡಿದ ಕೂಡಲೇ ಹೇಳಲಾಗುವುದಿಲ್ಲ. ಅನುಮಾನ ಬಂದರೆ ರಕ್ತ ಪರೀಕ್ಷೆ, ಆ್ಯಂಟಿಬಯಾಟಿಕ್, ತಾಯಿಯಿಂದ ದೂರ ಇಡುವುದು, ಎಲ್ಲವೂ ಆಗಬೇಕು. ಒಂದು ಬಿಸಿ ಕೋಣೆಯಿಂದ ಇಷ್ಟೆಲ್ಲ.

ಇನ್ನು ಆ ಕೋಣೆ. ತಾರಸಿಯ ಕಾಂಕ್ರೀಟು ಹಗಲಿಡೀ ಬಿಸಿಲನ್ನು ಹೀರಿಕೊಳ್ಳುತ್ತದೆ. ಆ ಶಾಖ ಒಳಗಿನ ಮೇಲ್ಚಾವಣಿಗೆ ಇಳಿಯಲು ಕೆಲವು ಗಂಟೆ ಬೇಕು. ಹೊರಗೆ ಸಂಜೆಯಾಗಿ ಗಾಳಿ ತಣ್ಣಗಾಗುವ ಹೊತ್ತಿಗೆ ಒಳಗೆ ಚಾವಣಿ ಶಾಖ ಬಿಡಲು ಶುರುಮಾಡಿರುತ್ತದೆ. ಫ್ಯಾನ್ ಹಾಕಿದರೆ ಆ ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತದೆ. ಮೇಲಿನ ಮಹಡಿಯ ಮನೆಯಲ್ಲಿ ಬೇಸಿಗೆ ಕಳೆದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ, ಅಲ್ವಾ? ಕೆಳಗಿನ ಮಹಡಿಗೆ ಈ ಕಾಟ ಇಲ್ಲ. ಮೇಲಿನ ಅಂತಸ್ತುಗಳೇ ಅದಕ್ಕೆ ನೆರಳು.

2010ರ ಬೇಸಿಗೆಯ ನಂತರ ಆಸ್ಪತ್ರೆಯವರು ಹೆರಿಗೆ ವಾರ್ಡನ್ನು ಕೆಳಗಿನ ಮಹಡಿಗೆ ತಂದರು. ಮಾಡಿದ್ದು ಇಷ್ಟೇ. ಹೊಸ ಕಟ್ಟಡ ಇಲ್ಲ, ಹೊಸ ಯಂತ್ರ ಇಲ್ಲ.

ಇಲ್ಲೊಂದು ಪ್ರಶ್ನೆ ಬರಬೇಕು. 2011ರ ಬೇಸಿಗೆ 2010ರಷ್ಟು ಕ್ರೂರವಾಗಿರಲಿಲ್ಲ. ಹಾಗಿದ್ದರೆ 24 ಇದ್ದದ್ದು 4ಕ್ಕೆ ಇಳಿದದ್ದು ವಾರ್ಡು ಬದಲಾಯಿಸಿದ್ದರಿಂದಲೋ, ಬಿಸಿಲು ಕಡಿಮೆಯಾಗಿದ್ದರಿಂದಲೋ? ಕೂಸುಗಳ ಈ ಲೆಕ್ಕವನ್ನು ಅಧ್ಯಯನ ಮಾಡಿದವರಿಗೂ ಈ ಅನುಮಾನ ಇತ್ತು. ಅವರು ದಿನದಿನದ ಉಷ್ಣಾಂಶದ ಪರಿಣಾಮವನ್ನು ಬೇರ್ಪಡಿಸಿ ನೋಡಿದರು. ಎರಡಕ್ಕೂ ಪಾಲಿತ್ತು. ಬಿಸಿಲು ಏರಿದಂತೆ ದಾಖಲಾತಿ ಏರುತ್ತಿತ್ತು. ಅದನ್ನು ಲೆಕ್ಕಕ್ಕೆ ತಗೊಂಡ ಮೇಲೂ ಕೆಳಗಿನ ಮಹಡಿ ಕೂಸುಗಳನ್ನು ಕಾಪಾಡಿದ್ದು ಸ್ಪಷ್ಟವಾಗಿತ್ತು. ಸಂಖ್ಯೆ ಚಿಕ್ಕದು, ಒಂದೇ ಆಸ್ಪತ್ರೆಯದ್ದು, ನಿಜ. ಆದರೂ ಕಟ್ಟಡದ ಒಳಗಿನ ಜಾಗ ಬದಲಾಯಿಸಿದರೆ ಕಾಯಿಲೆ ಕಡಿಮೆಯಾಗುತ್ತದೆ ಅನ್ನೋದಕ್ಕೆ ಇಷ್ಟು ನೇರವಾದ ಸಾಕ್ಷಿ ಸಿಗುವುದು ಅಪರೂಪ.

ಒಂದು ಡಿಗ್ರಿ ಅಂದರೆ ಎಷ್ಟು

ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇದೆ. ಹೊರಗಿನ ಗರಿಷ್ಠ ಉಷ್ಣಾಂಶ 42 ಡಿಗ್ರಿ ದಾಟಿದ ಮೇಲೆ, ಏರುವ ಒಂದೊಂದು ಡಿಗ್ರಿಗೂ ಕೂಸುಗಳ ದಾಖಲಾತಿ ಶೇ 43ರಷ್ಟು ಹೆಚ್ಚುತ್ತಿತ್ತು. (ಊರಿನ ಒಟ್ಟು ಸಾವಿನ ಲೆಕ್ಕದಲ್ಲೂ 43 ಬಂದಿರುವುದು ಬರೀ ಕಾಕತಾಳೀಯ. ಎರಡೂ ಬೇರೆ ಬೇರೆ ಲೆಕ್ಕ.) ಚಿಕ್ಕ ಸಂಖ್ಯೆಗಳ ಮೇಲಿನ ಅಂದಾಜಾದ್ದರಿಂದ ಇದರ ಹರವು, ಅಂದರೆ ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ, ದೊಡ್ಡದು, ಶೇ 9ರಿಂದ 88ರವರೆಗೆ. ಮಧ್ಯದ ಅಂಕಿಯನ್ನೇ ಹಿಡಿದರೆ, 42ರಿಂದ 44ಕ್ಕೆ ಹೋದಾಗ ದಾಖಲಾತಿ ದುಪ್ಪಟ್ಟು. ಗಮನಿಸಿ, ಏರಿಕೆ ನೇರ ಗೆರೆಯಲ್ಲಿ ಹೋಗುವುದಿಲ್ಲ. ಚಕ್ರಬಡ್ಡಿಯ ಹಾಗೆ ಬೆಳೆಯುತ್ತದೆ.

ಹವಾಮಾನ ಬದಲಾವಣೆಯ ಮಾತು ಈ ವಾರ್ಡಿನ ಬಾಗಿಲಿಗೆ ಬರುವುದು ಇಲ್ಲೇ. ಭೂಮಿಯ ಸರಾಸರಿ ಉಷ್ಣಾಂಶ ಸುಮಾರು 1.1 ಡಿಗ್ರಿ ಏರಿದೆ ಅಂತ ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿ 2021ರ ವರದಿಯಲ್ಲಿ ಹೇಳಿತು. ಭಾರತದ ಸರಾಸರಿ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿ ಏರಿದೆ. "ಒಂದು ಡಿಗ್ರಿ ತಾನೇ, ಬೆಳಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸ ಇರುತ್ತಲ್ಲ" ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ತೊಂದರೆ ಇರುವುದು ಸರಾಸರಿಯಲ್ಲಿ ಅಲ್ಲ, ತುದಿಯಲ್ಲಿ. ಸರಾಸರಿ ಸ್ವಲ್ಪ ಸರಿದರೂ ಅತಿ ಬಿಸಿಯ ದಿನಗಳು ಬಹಳ ಹೆಚ್ಚುತ್ತವೆ. ಹಿಂದೆ ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದಂಥ ಬಿಸಿಲು ಈಗ ಅದೇ ಹತ್ತು ವರ್ಷದಲ್ಲಿ 2.8 ಸಲ ಬರುತ್ತಿದೆ, ಬಂದಾಗ ಸುಮಾರು 1.2 ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ ಅಂತ ಅದೇ ವರದಿ ಹೇಳುತ್ತದೆ. ಆ 1.2 ಡಿಗ್ರಿಯನ್ನು ಮೇಲಿನ ಮಹಡಿಯ ವಾರ್ಡಿನ ಲೆಕ್ಕದ ಪಕ್ಕ ಇಟ್ಟು ನೋಡಿ. ಅದು ಸಣ್ಣ ಅಂಕಿ ಅನ್ನಿಸುವುದಿಲ್ಲ.

2022ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಭಾರತ, ಪಾಕಿಸ್ತಾನಗಳನ್ನು ಬೇಯಿಸಿದ ಬಿಸಿಗಾಳಿ ನೆನಪಿರಬಹುದು. ಮನುಷ್ಯರಿಂದಾದ ಹವಾಮಾನ ಬದಲಾವಣೆ ಅಂಥದ್ದೊಂದು ಬರುವ ಸಾಧ್ಯತೆಯನ್ನು ಸುಮಾರು 30 ಪಟ್ಟು ಹೆಚ್ಚಿಸಿದೆ ಅಂತ ವಿಜ್ಞಾನಿಗಳು ಲೆಕ್ಕ ಹಾಕಿದರು. 43 ದೇಶಗಳ 732 ಸ್ಥಳಗಳ ದಾಖಲೆ ನೋಡಿದ 2021ರ ಇನ್ನೊಂದು ಅಧ್ಯಯನ, 1991ರಿಂದ 2018ರವರೆಗೆ ಬೇಸಿಗೆಯ ಶಾಖದಿಂದಾದ ಸಾವುಗಳಲ್ಲಿ ಶೇ 37ರಷ್ಟಕ್ಕೆ ಹವಾಮಾನ ಬದಲಾವಣೆಯೇ ಕಾರಣ ಅಂದಿತು. ಮೂರರಲ್ಲಿ ಒಂದಕ್ಕಿಂತ ಜಾಸ್ತಿ. ಅದು ಮುಂದೆ ಆಗುವುದರ ಮಾತಲ್ಲ, ಆಗಿಹೋದ ಸಾವುಗಳ ಲೆಕ್ಕ.

ಇದರ ಮೇಲೆ ನಗರ ತಾನೇ ಹುಟ್ಟಿಸುವ ಶಾಖ ಬೇರೆ. ಡಾಂಬರು, ಕಾಂಕ್ರೀಟು, ತಗಡಿನ ಶೀಟು, ಎಸಿಗಳು ಹೊರಗೆ ಉಗುಳುವ ಬಿಸಿಗಾಳಿ, ಕಡಿದ ಮರಗಳು. ಸುತ್ತಲಿನ ಹಳ್ಳಿಗಳಿಗಿಂತ ನಗರದ ರಾತ್ರಿಗಳು ಹೆಚ್ಚು ಬಿಸಿ. ಹಗಲಿನಲ್ಲಿ ದಣಿದ ಹೃದಯ ಚೇತರಿಸಿಕೊಳ್ಳುವುದು ರಾತ್ರಿ. ರಾತ್ರಿಯೂ ತಣ್ಣಗಾಗದಿದ್ದರೆ ದಣಿವು ಮರುದಿನಕ್ಕೆ ಬಾಕಿ ಉಳಿಯುತ್ತದೆ. ಬಿಸಿಗಾಳಿಯ ಮೂರನೆಯ, ನಾಲ್ಕನೆಯ ದಿನ ಮೊದಲ ದಿನಕ್ಕಿಂತ ಅಪಾಯಕಾರಿಯಾಗುವುದು ಇದಕ್ಕೇ.

ನಗರಪಾಲಿಕೆ ಮಾಡಿದ್ದು

2013ರಲ್ಲಿ ಅಹಮದಾಬಾದ್ ನಗರಪಾಲಿಕೆ ಬಿಸಿಗಾಳಿಯನ್ನು ಎದುರಿಸಲು ಒಂದು ಕ್ರಿಯಾ ಯೋಜನೆ ಜಾರಿಗೆ ತಂದಿತು. ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಮತ್ತು ಅಮೆರಿಕದ ಕೆಲವು ಸಂಸ್ಥೆಗಳು ಜೊತೆಗಿದ್ದವು.

ಯೋಜನೆಯ ತಿರುಳು ಸರಳ. ಊರಿನ ಸಾವಿನ ಲೆಕ್ಕ ಮತ್ತು ಉಷ್ಣಾಂಶವನ್ನು ಜೊತೆಗಿಟ್ಟು ನೋಡಿ, ಎಲ್ಲಿಂದ ಅಪಾಯ ಅಂತ ಗೆರೆ ಎಳೆದರು. 41.1 ದಾಟಿದರೆ ಹಳದಿ, 43.1 ದಾಟಿದರೆ ಕಿತ್ತಳೆ, 45 ಮುಟ್ಟಿದರೆ ಕೆಂಪು. ಏಳು ದಿನ ಮುಂಚಿತವಾಗಿ ಮುನ್ಸೂಚನೆ ಸಿಗುವಂತೆ ಮಾಡಿಕೊಂಡರು. ಎಚ್ಚರಿಕೆ ಬಂದ ಕೂಡಲೇ ಯಾರಿಗೆ ಯಾರು ಫೋನ್ ಮಾಡಬೇಕು ಅನ್ನೋದು ಮೊದಲೇ ನಿಗದಿ. ಅದಕ್ಕೆ ಜವಾಬ್ದಾರಿ ಹೊತ್ತ ಒಬ್ಬ ಅಧಿಕಾರಿ. ಆರೋಗ್ಯ ಸಿಬ್ಬಂದಿಗೆ ತರಬೇತಿ, ಆಸ್ಪತ್ರೆಗಳಲ್ಲಿ ಐಸ್ ಪ್ಯಾಕ್, ಓಆರ್‌ಎಸ್, ಬಡಾವಣೆಗಳಲ್ಲಿ ಕುಡಿಯುವ ನೀರು, ಮೊಬೈಲಿಗೆ ಸಂದೇಶ, ಗುಜರಾತಿ ಭಾಷೆಯ ಪೋಸ್ಟರು. ಮುಂದೆ 2017ರಲ್ಲಿ ಬಡವರ ಬಡಾವಣೆಗಳ ಮನೆಗಳ ತಾರಸಿಗೆ ಬಿಳಿ ಸುಣ್ಣ ಬಳಿಯುವ ಕೆಲಸವೂ ಶುರುವಾಯಿತು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಎರಚುತ್ತದೆ, ಒಳಗಿನ ಧಗೆ ಕೆಲವು ಡಿಗ್ರಿ ಇಳಿಯುತ್ತದೆ.

ಇವುಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಆ ಮೂರು ಗೆರೆಗಳಿಗೆ. ಭಾರತೀಯ ಹವಾಮಾನ ಇಲಾಖೆ ಬಯಲು ಪ್ರದೇಶದಲ್ಲಿ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದ್ದರೆ ಬಿಸಿಗಾಳಿ ಅನ್ನುತ್ತದೆ. ಅದು ಹವೆಯ ಅಳತೆ. ಊರಿನ ಜನ ಯಾವ ಉಷ್ಣಾಂಶದಲ್ಲಿ ಸಾಯಲು ಶುರುಮಾಡುತ್ತಾರೆ ಅನ್ನೋದು ಬೇರೆಯೇ ಅಳತೆ, ಅದು ಊರಿಂದ ಊರಿಗೆ ಬದಲಾಗುತ್ತದೆ. ಕರಾವಳಿಯ ಸೆಕೆಯಲ್ಲಿ 38 ಡಿಗ್ರಿಯೂ ತಾಳಲಾಗದು. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರುವುದಿಲ್ಲ, ಆರದ ಬೆವರು ಮೈಯನ್ನು ತಣ್ಣಗೆ ಮಾಡುವುದಿಲ್ಲ. ಸುಮ್ನೆ ಇನ್ನೊಂದು ಊರಿನ ಗೆರೆಯನ್ನು ತಂದು ಅಂಟಿಸಿದರೆ ಉಪಯೋಗ ಇಲ್ಲ.

ಯೋಜನೆಯಿಂದ ಜೀವ ಉಳಿದವೇ? 2018ರಲ್ಲಿ ಪ್ರಕಟವಾದ ಮೌಲ್ಯಮಾಪನ 2014 ಮತ್ತು 2015ನ್ನು 2007–2010ರ ಜೊತೆ ಹೋಲಿಸಿತು. ಹಿಂದೆ 47 ಡಿಗ್ರಿಯ ದಿನ ಸಾವಿನ ಅಪಾಯ 2.34 ಪಟ್ಟು ಆಗುತ್ತಿತ್ತು. ಯೋಜನೆ ಬಂದ ಮೇಲೆ ಅದು 1.25 ಪಟ್ಟಿಗೆ ಇಳಿಯಿತು. ವರ್ಷಕ್ಕೆ ಸರಾಸರಿ 1,190 ಸಾವು ತಪ್ಪಿರಬಹುದು ಅಂತ ಅಂದಾಜು. ಈ ಅಂದಾಜಿನ ಹರವೂ ದೊಡ್ಡದು, 162ರಿಂದ 2,218ರವರೆಗೆ. ಸಾಮಾನ್ಯವಾಗಿ ಎಲ್ಲರೂ 1,190 ಅನ್ನೋದನ್ನಷ್ಟೇ ಹೇಳಿ ಮುಗಿಸುತ್ತಾರೆ. ನಾನು ಕೆಳಗಿನ ತುದಿಯನ್ನೇ ಹಿಡಿಯುತ್ತೇನೆ. ವರ್ಷಕ್ಕೆ 162 ಜನ ಉಳಿದಿದ್ದರೂ, ಅಷ್ಟು ಕಡಿಮೆ ಖರ್ಚಿನಲ್ಲಿ ಅಷ್ಟು ಜೀವ ಉಳಿಸುವ ಆರೋಗ್ಯ ಕಾರ್ಯಕ್ರಮಗಳು ಎಷ್ಟಿವೆ?

2016ರ ಮೇ 20ರಂದು ಇದೇ ಊರಲ್ಲಿ ಉಷ್ಣಾಂಶ 48 ಡಿಗ್ರಿ ಮುಟ್ಟಿತು. 2010ಕ್ಕಿಂತಲೂ ಜಾಸ್ತಿ.

ಯೋಜನೆ ತಲುಪದ ಕಡೆ

ಎಚ್ಚರಿಕೆ ಕೊಡುವುದು ಒಂದು, ಅದನ್ನು ಪಾಲಿಸಲು ಆಗುವುದು ಇನ್ನೊಂದು. "ಮಧ್ಯಾಹ್ನ 12ರಿಂದ 4ರವರೆಗೆ ಹೊರಗೆ ಹೋಗಬೇಡಿ" ಅನ್ನುವ ಸಂದೇಶ ಕಟ್ಟಡ ಕೆಲಸದವರ ಮೊಬೈಲಿಗೂ ಬರುತ್ತದೆ. ಹೋಗದಿದ್ದರೆ ಆ ದಿನದ ಕೂಲಿ ಇಲ್ಲ. ತಳ್ಳುಗಾಡಿಯವರು, ಇಟ್ಟಿಗೆ ಭಟ್ಟಿಯವರು, ಬೀದಿ ಗುಡಿಸುವವರು, ತಗಡಿನ ಶೀಟಿನ ಕೆಳಗೆ ಕೂತು ಬಟ್ಟೆ ಹೊಲಿಯುವ ಹೆಂಗಸರು, ಇವರೆಲ್ಲರ ಪಾಡೂ ಅದೇ. ಮನೆಯೊಳಗೇ ಕೆಲಸ ಮಾಡುವ ಹೆಂಗಸಿಗೆ "ಮನೆಯೊಳಗಿರಿ" ಅನ್ನುವ ಸಲಹೆಯಿಂದ ಏನೂ ಆಗದು. ಅವಳ ಮನೆಯೇ ಹೊರಗಿಗಿಂತ ಬಿಸಿ. ಕೆಲಸದ ಹೊತ್ತು ಬದಲಾಯಿಸುವುದು, ಬಿಸಿಲಿನ ದಿನಗಳಲ್ಲಿ ಕೂಲಿ ಕಡಿತ ಆಗದಂತೆ ನೋಡಿಕೊಳ್ಳುವುದು ಆರೋಗ್ಯ ಇಲಾಖೆಯೊಂದರ ಕೈಯಲ್ಲಿಲ್ಲ. ಕಾರ್ಮಿಕ ಇಲಾಖೆ, ಗುತ್ತಿಗೆದಾರರು, ವಸತಿ ಇಲಾಖೆ, ವಿದ್ಯುತ್ ಕಂಪನಿ ಎಲ್ಲರೂ ಸೇರಬೇಕು. ಪಾಲಿಕೆಯ ಯೋಜನೆ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ಅದಕ್ಕೆ ಶಕ್ತಿ ಸಾಲದು.

ಇನ್ನೊಂದು ಮಿತಿಯನ್ನು ನೇರವಾಗಿ ಹೇಳಬೇಕು. ವಾರ್ಡನ್ನು ಕೆಳಗಿನ ಮಹಡಿಗೆ ತರಬಹುದು, ಒಂದೇ ಸಲ. ಇಂಗಾಲ ಉಗುಳುವುದು ನಿಲ್ಲದಿದ್ದರೆ ಮುಂದೊಂದು ದಿನ ಕೆಳಗಿನ ಮಹಡಿಯೂ ಸಾಕಾಗುವುದಿಲ್ಲ. ಆಗ ಎಸಿ ಹಾಕಬೇಕು, ಆ ಎಸಿಗೆ ಕರೆಂಟು ಬೇಕು, ಆ ಕರೆಂಟು ಕಲ್ಲಿದ್ದಲಿನಿಂದಲೇ ಬಂದರೆ ಶಾಖ ಇನ್ನೂ ಏರುತ್ತದೆ. ಆಸ್ಪತ್ರೆಗೆ ಎಸಿ ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಕಲ್ಲಿದ್ದಲು ಬಿಡುವ ಕೆಲಸವೂ ಅದರ ಜೊತೆಜೊತೆಗೇ ಆಗಬೇಕು.

ಅಹಮದಾಬಾದನ್ನು ನೋಡಿ ದೇಶದ ಅನೇಕ ನಗರಗಳು, ರಾಜ್ಯಗಳು ಯೋಜನೆ ಬರೆದುಕೊಂಡವು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ಮಾರ್ಗಸೂಚಿ ತಂದಿತು. ಇದು ಸಂತೋಷದ ವಿಷಯವೇ. ಆದರೆ ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್ 2023ರಲ್ಲಿ ಇಂಥ 37 ಯೋಜನೆಗಳನ್ನು ಓದಿ ನೋಡಿದಾಗ, ತಮ್ಮ ಊರಿಗೆ ತಕ್ಕ ಉಷ್ಣಾಂಶದ ಗೆರೆ ಎಳೆದುಕೊಂಡಂತೆ ಕಂಡದ್ದು 10 ಮಾತ್ರ. ಯಾವ ಜನರಿಗೆ, ಯಾವ ಬಡಾವಣೆಗೆ ಅಪಾಯ ಹೆಚ್ಚು ಅಂತ ಸ್ಪಷ್ಟವಾಗಿ ಅಳೆದು ತೋರಿಸಿದ್ದು ಕೇವಲ 2. ಉಳಿದವರು ಯೋಜನೆಯನ್ನು ತಂದುಕೊಂಡರು, ಅದರ ಹಿಂದಿದ್ದ ಲೆಕ್ಕವನ್ನು ಬಿಟ್ಟರು. ಅಹಮದಾಬಾದಿನಲ್ಲಿ ಕೆಲಸ ಶುರುವಾಗಿದ್ದೇ ಲೆಕ್ಕದಿಂದ. ಆಸ್ಪತ್ರೆಯ ರಿಜಿಸ್ಟರಿನಲ್ಲಿ 24 ಅನ್ನುವ ಅಂಕಿ ಕಾಣದಿದ್ದರೆ ವಾರ್ಡು ಮೇಲೇ ಇರುತ್ತಿತ್ತು.

ದಿನಕ್ಕೆ ಎಷ್ಟು ಸಾವು ಅನ್ನುವ ಮಾಹಿತಿ ಜನನ–ಮರಣ ನೋಂದಣಿಯಲ್ಲಿ ಇರುತ್ತದೆ. ದಿನದ ಗರಿಷ್ಠ, ಕನಿಷ್ಠ ಉಷ್ಣಾಂಶ ಮತ್ತು ತೇವಾಂಶ ಹವಾಮಾನ ಇಲಾಖೆಯಲ್ಲಿ ಇರುತ್ತದೆ. ಹತ್ತು ವರ್ಷದ ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಒಬ್ಬ ಆರೋಗ್ಯಾಧಿಕಾರಿ, ಅಂಕಿಅಂಶ ಬಲ್ಲ ಒಬ್ಬರು ಸಾಕು. ಅದರ ಜೊತೆಗೆ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಹೆರಿಗೆ ವಾರ್ಡು, ವಯಸ್ಸಾದವರ ವಾರ್ಡು ಯಾವ ಮಹಡಿಯಲ್ಲಿದೆ, ಮೇಲೆ ತಾರಸಿ ಇದೆಯೋ ಇನ್ನೊಂದು ಅಂತಸ್ತು ಇದೆಯೋ ಅಂತ ನೋಡಿ ಬರೆದುಕೊಳ್ಳಬೇಕು. ಗೋಡೆಗೆ ಒಂದು ಥರ್ಮಾಮೀಟರ್ ನೇತುಹಾಕಿ, ಮಧ್ಯಾಹ್ನಕ್ಕೊಮ್ಮೆ, ರಾತ್ರಿಗೊಮ್ಮೆ ಒಳಗಿನ ಉಷ್ಣಾಂಶವನ್ನು ರಿಜಿಸ್ಟರಿಗೆ ಏರಿಸಬೇಕು. ಎಚ್ಚರಿಕೆಯ ಗೆರೆಗಳಲ್ಲಿ ಹಗಲಿನ ಗರಿಷ್ಠದ ಜೊತೆ ರಾತ್ರಿಯ ಕನಿಷ್ಠವನ್ನೂ ಸೇರಿಸಬೇಕು. ಇದೆಲ್ಲ ಮಾರ್ಚ್ ಬರುವುದಕ್ಕೆ ಮುಂಚೆ ಆಗಬೇಕಾದ ಕೆಲಸ. ಬಿಸಿಲು ಶುರುವಾದ ಮೇಲೆ ಆಸ್ಪತ್ರೆಯವರಿಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ.